ನಡುರಾತ್ರಿ ಸಿಡಿದ ಟೈಲ್ಸ್ ಮತ್ತು ಮೂರು ಮಿಲಿಮೀಟರ್‌ನ ಒಂದು ಹಾಳೆ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಸುಂಟಿಕೊಪ್ಪದಿಂದ ಮಾತಾಡ್ತಾ ಇದ್ದೀನಿ. ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿರೋರು, ಪಾತ್ರೆ ತೊಳೀತಾ ಕೇಳ್ತಿರೋರು, ತೋಟದಲ್ಲಿ ಕೆಲಸದ ಮಧ್ಯೆ ಕೇಳ್ತಿರೋರು, ಎಲ್ಲರಿಗೂ ಸ್ವಾಗತ. ಇವತ್ತಿನ ವಿಷಯ ಬಹುಶಃ ಈಗ ನಿಮ್ಮ ಕಾಲ ಕೆಳಗೇ ಇದೆ. ಟೈಲ್ಸ್ ನೆಲ. ಅದರ ಬಗ್ಗೆ ಒಂದು ಸಂಚಿಕೆ ಮಾಡೋಷ್ಟು ಏನಿದೆ ಅಂತ ಕೇಳಬೇಡಿ. ಒಂದು ರಾತ್ರಿಯ ಕಥೆಯಿಂದ ಶುರು ಮಾಡ್ತೀನಿ.

ಜನವರಿ ತಿಂಗಳು. ರಾತ್ರಿ ಸುಮಾರು ಎರಡು ಗಂಟೆ. ಮಹಡಿಯಿಂದ ‘ಢಬ್’ ಅಂತ ಒಂದು ಶಬ್ದ. ಪಟಾಕಿ ಹೊಡೆದ ಹಾಗೆ. ಅದರ ಹಿಂದೆಯೇ ಚಟಪಟ ಅಂತ ಇನ್ನೂ ಎರಡು ಮೂರು. ಅಮ್ಮ ಎದ್ದು ಕೂತವರು ಕೂಗಿದ್ದು ಒಂದೇ ಪದ: “ಗುಡ್ಡ!” ಮುಂದಿನ ಅರ್ಧ ನಿಮಿಷದಲ್ಲಿ ನಾವು ಮನೆಯವರೆಲ್ಲ ಅಂಗಳದಲ್ಲಿ ಇದ್ದೆವು. ಕಾಲಿಗೆ ಚಪ್ಪಲಿ ಇಲ್ಲ, ಚಳಿಗೆ ಸ್ವೆಟರ್ ಇಲ್ಲ, ಕೈಯಲ್ಲಿ ಮಾತ್ರ ಮೊಬೈಲ್ ಟಾರ್ಚ್.

ಬೇರೆ ಊರಿನವರಿಗೆ ಇದು ಸ್ವಲ್ಪ ಜಾಸ್ತಿ ಆಯ್ತು ಅನಿಸಬಹುದು. ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮಾದಾಪುರ, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಕುಸಿದ ಮೇಲೆ ನಮ್ಮಲ್ಲಿ ಶಬ್ದದ ಅರ್ಥವೇ ಬದಲಾಗಿದೆ. ಮಳೆ ಜೋರಾದರೆ ನಿದ್ದೆ ಬರಲ್ಲ. ನೆಲದಿಂದ ಏನೇ ಶಬ್ದ ಬಂದರೂ ಮೊದಲು ಓಡ್ತೀವಿ, ಆಮೇಲೆ ಯೋಚನೆ ಮಾಡ್ತೀವಿ. ಅದು ಸರಿಯೂ ಹೌದು.

ಅವತ್ತು ಗುಡ್ಡ ಅಲ್ಲಾಡಿರಲಿಲ್ಲ. ಮಳೆಯೂ ಇರಲಿಲ್ಲ. ಹತ್ತು ನಿಮಿಷ ಬಿಟ್ಟು ಅಪ್ಪ ಮತ್ತು ನಾನು ಮೆಟ್ಟಿಲು ಹತ್ತಿ ಮಹಡಿಯ ಹಾಲ್‌ಗೆ ಹೋದೆವು. ಹಾಲ್‌ನ ನಡುವೆ ಎರಡು ಟೈಲ್ಸ್ ಎದುರುಬದುರು ಎದ್ದು ನಿಂತಿದ್ದವು. ಹೆಂಚಿನ ಮನೆಯ ಚಾವಣಿ ಇರುತ್ತಲ್ಲ, ಹಾಗೆ. ಅಕ್ಕಪಕ್ಕದ ನಾಲ್ಕೈದು ಟೈಲ್ಸ್ ಬುಡ ಬಿಟ್ಟಿದ್ದವು. ಹೋಂಸ್ಟೇ ಮಾಡೋಣ ಅಂತ ಸಾಲ ತಗೊಂಡು ಕಟ್ಟಿಸಿದ ಮಹಡಿ ಅದು. ಕಂತು ಇನ್ನೂ ಬಾಕಿ ಇತ್ತು, ನೆಲ ಆಗಲೇ ಎದ್ದಿತ್ತು.

ಬೆಳಿಗ್ಗೆ ವಿಚಾರಣೆ ಶುರುವಾಯ್ತು. ಮಾವ ಬಂದು ನೋಡಿ, “ಇದು ಭೂಕಂಪದ ಎಫೆಕ್ಟ್” ಅಂದರು. 2022ರ ಜೂನ್‌ನಲ್ಲಿ ಚೆಂಬು ಕಡೆ ಭೂಮಿ ನಡುಗಿತ್ತು, 28ನೇ ತಾರೀಕಿನದು ರಿಕ್ಟರ್ ಮಾಪಕದಲ್ಲಿ 3.0 ಇತ್ತು. ಅದು ನಿಜ. ಆದರೆ ಅದಾಗಿ ಎಷ್ಟೋ ತಿಂಗಳ ಮೇಲೆ, ಒಂದು ಚಳಿ ರಾತ್ರಿ, ನಮ್ಮ ಹಾಲ್‌ನ ಎರಡೇ ಟೈಲ್ಸ್ ಹುಡುಕಿಕೊಂಡು ಬರೋಕೆ ಅದಕ್ಕೇನು ಕೆಲಸ? ಟೈಲ್ಸ್ ಹಾಕಿದವರಿಗೆ ಫೋನ್ ಮಾಡಿದರೆ, “ಮಾಲು ಸರಿ ಇಲ್ಲ.” ಮಾಲು ಕೊಟ್ಟ ಅಂಗಡಿಗೆ ಫೋನ್ ಮಾಡಿದರೆ, “ಹಾಕಿದ್ದು ಸರಿ ಇಲ್ಲ.” ಇಬ್ಬರೂ ಕೊನೆಗೆ ಒಪ್ಪಿದ್ದು ಒಂದೇ ವಿಷಯಕ್ಕೆ: “ನೀವು ನೀರು ಜಾಸ್ತಿ ಹಾಕಿ ಒರೆಸಿದ್ದೀರಿ.” ಅಂದರೆ ತಪ್ಪು ಅಮ್ಮಂದು.

ನಾನು ಓದಿದ್ದು ಬಿ.ಕಾಂ. ಸಿವಿಲ್ ಇಂಜಿನಿಯರಿಂಗ್ ಅಲ್ಲ. ಆದರೆ ಲೆಕ್ಕ ತಾಳೆಯಾಗದಿದ್ದರೆ ಎಲ್ಲಿ ತಪ್ಪಿದೆ ಅಂತ ಹುಡುಕದೆ ಬಿಡೋಕೆ ನಮಗೆ ಆಗಲ್ಲ. ಹಾಗಾಗಿ ಹುಡುಕಿದೆ. ಸಿಕ್ಕಿದ್ದನ್ನು ನಿಮಗೆ ಹೇಳ್ತೀನಿ. ಮನೆ ಕಟ್ಟಿಸುವ ವಯಸ್ಸಿಗೆ ಬರ್ತಿರೋ ನಮ್ಮಂಥವರಿಗೆ ಇದು ಬೇಕಾಗುತ್ತೆ.

ನೆಲ ಅನ್ನೋದು ಒಂದಲ್ಲ, ಎರಡು

ನಮ್ಮ ಕಣ್ಣಿಗೆ ನೆಲ ಒಂದೇ. ನಿಜವಾಗಿ ಅದು ಕನಿಷ್ಠ ಎರಡು. ಕೆಳಗೆ ಕಾಂಕ್ರೀಟ್, ಮೇಲೆ ಟೈಲ್ಸ್. ನಡುವೆ ಇಬ್ಬರನ್ನೂ ಬಿಗಿಯಾಗಿ ಹಿಡಿದಿರೋ ಗಾರೆ ಅಥವಾ ಅಂಟು. ಸಮಸ್ಯೆ ಏನಂದ್ರೆ ಈ ಇಬ್ಬರ ಸ್ವಭಾವ ಬೇರೆ.

ಕಾಂಕ್ರೀಟ್ ಒಣಗ್ತಾ ಕುಗ್ಗುತ್ತೆ. ಒಂದು ಮೀಟರ್‌ಗೆ ಸುಮಾರು ಅರ್ಧ ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಕಡಿಮೆಯೂ ಆಗಬಹುದು, ಸ್ವಲ್ಪ ಹೆಚ್ಚೂ ಆಗಬಹುದು. ಇಪ್ಪತ್ತು ಅಡಿ ಹಾಲ್ ಅಂದರೆ ಆರು ಮೀಟರ್, ಅಂದರೆ ಸುಮಾರು ಮೂರು ಮಿಲಿಮೀಟರ್. ಇದು ಒಂದು ವಾರದಲ್ಲಿ ಆಗೋದಲ್ಲ. ತಿಂಗಳುಗಟ್ಟಲೆ, ದಪ್ಪ ಸ್ಲ್ಯಾಬ್ ಆದರೆ ವರ್ಷ ದಾಟಿಯೂ ನಡೆಯುತ್ತೆ. ನಾವೆಲ್ಲ ‘28 ದಿನ ಕ್ಯೂರಿಂಗ್ ಆಯ್ತು, ಇನ್ನು ಚಿಂತೆ ಇಲ್ಲ’ ಅಂದುಕೊಳ್ತೀವಿ. ಆ 28 ದಿನ ಕಾಂಕ್ರೀಟ್‌ನ ಬಲ ಅಳೆಯುವ ಲೆಕ್ಕ. ಕುಗ್ಗುವುದು ಅಲ್ಲಿಗೆ ನಿಲ್ಲಲ್ಲ.

ಇನ್ನು ಟೈಲ್ಸ್. ವಿಟ್ರಿಫೈಡ್ ಟೈಲ್ ಬೆಂಕಿಯಲ್ಲಿ ಬೆಂದು ಬಂದಿದೆ, ಅದು ಕುಗ್ಗಲ್ಲ. ಸ್ವಲ್ಪ ರಂಧ್ರ ಇರುವ ಸಾಮಾನ್ಯ ಸೆರಾಮಿಕ್ ಟೈಲ್ ಆದರೆ ಇನ್ನೂ ತಮಾಷೆ. ಅದು ವರ್ಷಗಳಲ್ಲಿ ಗಾಳಿಯ ತೇವ ಕುಡಿದು ಒಂದಿಷ್ಟು ಹಿಗ್ಗುತ್ತೆ. ಅಂದರೆ ಕೆಳಗಿನವನು ಚಿಕ್ಕವನಾಗ್ತಿದ್ದಾನೆ, ಮೇಲಿನವನು ಇದ್ದಷ್ಟೇ ಇದ್ದಾನೆ ಅಥವಾ ದೊಡ್ಡವನಾಗ್ತಿದ್ದಾನೆ. ಜೊತೆಗೆ ತಾಪಮಾನ. ಕಾಂಕ್ರೀಟ್ ಬಿಸಿಗೆ ಹಿಗ್ಗುವುದು, ಚಳಿಗೆ ಕುಗ್ಗುವುದು ಸಾಮಾನ್ಯವಾಗಿ ಟೈಲ್‌ಗಿಂತ ಜಾಸ್ತಿ. ನಮ್ಮ ಜನವರಿ ರಾತ್ರಿ ಹೇಗಿರುತ್ತೆ ಅಂತ ಗೊತ್ತಲ್ಲ. ಹಗಲು ಕಾಫಿ ಒಣಗಿಸೋ ಬಿಸಿಲು, ರಾತ್ರಿ ಎರಡು ಕಂಬಳಿ. ಮೊದಲೇ ಒತ್ತಡದಲ್ಲಿದ್ದ ನೆಲಕ್ಕೆ ಆ ಚಳಿ ಕೊನೆಯ ಏಟು. ನಮ್ಮ ಹಾಲ್ ನಡುರಾತ್ರಿಯಲ್ಲೇ ಸಿಡಿದಿದ್ದು ಅದಕ್ಕೆ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 2018ರ ಶುರುವಿನಲ್ಲಿ ಸಿಂಗಪುರದಲ್ಲಿ ಅಪರೂಪಕ್ಕೆ ಸ್ವಲ್ಪ ಚಳಿ ಬಿದ್ದಾಗ ಅಲ್ಲಿನ ಸರ್ಕಾರಿ ಫ್ಲ್ಯಾಟ್‌ಗಳಲ್ಲಿ ಟೈಲ್ಸ್ ಎದ್ದಿವೆ ಅಂತ ಸಾಲು ಸಾಲು ದೂರು ಬಂದಿದ್ದವು.

ಈಗ ಒಂದು ಸಣ್ಣ ಲೆಕ್ಕ. ಎರಡು ಅಡಿಯ ಎರಡು ಟೈಲ್ಸ್, ಅಂದರೆ ಒಟ್ಟು 1200 ಮಿಲಿಮೀಟರ್. ಇವುಗಳಿಗೆ ಇರುವ ಜಾಗ ಬರೀ ಒಂದು ಮಿಲಿಮೀಟರ್ ಕಡಿಮೆಯಾಗಿ 1199 ಆಯ್ತು ಅಂದುಕೊಳ್ಳಿ. ಎರಡೂ ಗುಡಾರದ ಥರ ಎದ್ದರೆ ಎಷ್ಟು ಎತ್ತರ ಏಳಬೇಕು? ಎಸ್ಸೆಸ್ಸೆಲ್ಸಿಯಲ್ಲಿ ಕಲಿತ ಪೈಥಾಗೊರಸ್ ಹಾಕಿ ನೋಡಿ. ಸುಮಾರು 24 ಮಿಲಿಮೀಟರ್! ಒಂದು ಮಿಲಿಮೀಟರ್ ಕೊರತೆಗೆ ಒಂದು ಇಂಚಿನ ಹತ್ತಿರ ಎತ್ತರ. ನನಗೆ ಈ ಲೆಕ್ಕ ಬಿಡಿಸಿದ ದಿನವೇ ಅರ್ಥವಾಗಿದ್ದು, ಅಮ್ಮನ ನೆಲ ಒರೆಸೋ ಬಟ್ಟೆಗೂ ಇದಕ್ಕೂ ಸಂಬಂಧ ಇಲ್ಲ ಅಂತ.

ನಮ್ಮ ಹಾಲ್‌ನಲ್ಲಿ ಏನಾಗಿತ್ತು? ಸ್ಲ್ಯಾಬ್ ಹಾಕಿ ಸ್ವಲ್ಪ ದಿನಕ್ಕೇ ಟೈಲ್ಸ್ ಹಾಕಿಸಿದ್ದೆವು. ಸೀಸನ್ ಶುರುವಾಗೋ ಮುಂಚೆ ರೂಮ್ ರೆಡಿ ಆಗಬೇಕು ಅಂತ ಅವಸರ, ನಮ್ಮದೇ ಅವಸರ. ಟೈಲ್‌ಗೂ ಟೈಲ್‌ಗೂ ನಡುವೆ ಸಂದು ಇಲ್ಲ. ‘ಗ್ಯಾಪ್ ಕಾಣಬಾರದು, ಒಂದೇ ಕಲ್ಲಿನ ಥರ ಕಾಣಬೇಕು’ ಅಂದವನು ನಾನೇ. ನಾಲ್ಕೂ ಕಡೆ ಗೋಡೆಗೆ ಗುದ್ದಿದ ಹಾಗೆ ಟೈಲ್ಸ್, ಅದರ ಮೇಲೆ ಸ್ಕರ್ಟಿಂಗ್. ಅಲುಗಾಡೋಕೆ ಕೂದಲೆಳೆ ಜಾಗ ಇಲ್ಲ. ಪಕ್ಕಕ್ಕೆ ಹೋಗೋಕೆ ಆಗದವನು ಮೇಲಕ್ಕೆ ಎದ್ದ, ಅಷ್ಟೇ.

ಹಳಬರು ಹೇಗೆ ಬಚಾವಾದರು?

ಹಾಗಾದರೆ ಹಳೆ ಮನೆಗಳ ಕಲ್ಲಿನ ನೆಲ ಯಾಕೆ ಏಳಲ್ಲ? ಉತ್ತರ ಕರ್ನಾಟಕದ ಕಡೆ ಶಹಾಬಾದ್ ಕಲ್ಲು, ನಮ್ಮ ಕಡೆ ಅಡುಗೆಮನೆ ಜಗಲಿಗಳಲ್ಲಿ ಕಡಪ ಕಲ್ಲು ನೋಡಿರ್ತೀರಿ. ಅವುಗಳನ್ನು ಎಷ್ಟೋ ಕಡೆ ಮರಳಿನ ಹಾಸಿನ ಮೇಲೋ ಸುಣ್ಣ-ಮಣ್ಣಿನ ಮೆತ್ತನೆಯ ಹಾಸಿನ ಮೇಲೋ ಕೂರಿಸ್ತಿದ್ದರು. ಕಲ್ಲಿಗೂ ನೆಲಕ್ಕೂ ನಡುವೆ ಇದ್ದದ್ದು ಸ್ವಲ್ಪ ಸಡಿಲವಾದ ಪದರ. ಕೆಳಗಿನದು ಕದಲಿದರೆ ಮರಳು ಅದನ್ನು ನುಂಗಿಕೊಳ್ಳುತ್ತೆ. ಕಲ್ಲಿಗೆ ಸುದ್ದಿಯೇ ಮುಟ್ಟಲ್ಲ.

ಅಷ್ಟು ಹಿಂದೆ ಹೋಗೋದೂ ಬೇಡ. ನಮ್ಮ ಕಾಫಿ ಕಣ ನೋಡಿ. ಕಾಂಕ್ರೀಟ್ ಕಣವನ್ನು ತಿಳಿದವರು ಒಂದೇ ಹಾಸಾಗಿ ಹಾಕಲ್ಲ. ಚೌಕ ಚೌಕ ಮಾಡಿ, ನಡುವೆ ಸಂದು ಬಿಟ್ಟು, ಅದಕ್ಕೆ ಡಾಂಬರು ತುಂಬ್ತಾರೆ. ಬಿಸಿಲಿಗೆ ಹಿಗ್ಗಿದರೆ ಡಾಂಬರು ಒತ್ತಿಸಿಕೊಳ್ಳುತ್ತೆ. ಕಾಫಿ ಬೀಜ ಒಣಗಿಸೋ ಜಾಗಕ್ಕೆ ನಾವು ಕೊಡೋ ಮರ್ಯಾದೆಯನ್ನು ಮಲಗೋ ಕೋಣೆಗೆ ಕೊಟ್ಟಿರಲಿಲ್ಲ.

ಕಾಲ ಬದಲಾಯ್ತು. ಮರಳಿನ ದಪ್ಪ ಹಾಸಿಗೆ ಜಾಗ ಇಲ್ಲ, ತೂಕ ಬೇರೆ. ಟೈಲ್ಸ್ ತೆಳುವಾದವು, ದೊಡ್ಡದಾದವು. ಈಗ ಎರಡಡಿ-ನಾಲ್ಕಡಿ ಸಾಮಾನ್ಯ. ಅವನ್ನು ಸಿಮೆಂಟಿನಿಂದ ಕಾಂಕ್ರೀಟ್‌ಗೆ ನೇರವಾಗಿ ಬಿಗಿದೆವು. ಬಿಗಿದಷ್ಟೂ ಗಟ್ಟಿ ಅಂದುಕೊಂಡೆವು.

ಹಾಳೆಯ ಕೆಲಸ

ಇಲ್ಲಿಗೆ ಬರುತ್ತೆ ಇವತ್ತಿನ ಮುಖ್ಯ ಪಾತ್ರ. ಹೆಸರು ಅನ್‌ಕಪ್ಲಿಂಗ್ ಮೆಂಬ್ರೇನ್. ಹೆಸರು ಕೇಳಿ ಹೆದರಬೇಡಿ. ರೈಲಿನ ಬೋಗಿಗಳನ್ನು ಜೋಡಿಸೋದು ಕಪ್ಲಿಂಗ್, ಕಳಚೋದು ಅನ್‌ಕಪ್ಲಿಂಗ್. ನಮ್ಮ ಕೊಡಗಿಗೆ ರೈಲೇ ಇಲ್ಲ, ಉದಾಹರಣೆ ಮಾತ್ರ ರೈಲಿನದು. ಸ್ಲ್ಯಾಬ್ ಒಂದು ಬೋಗಿ, ಟೈಲ್ಸ್ ಒಂದು ಬೋಗಿ. ಇಬ್ಬರ ನಡುವಿನ ಕೊಂಡಿಯನ್ನು ಅಡ್ಡಡ್ಡ ದಿಕ್ಕಿನಲ್ಲಿ ಸಡಿಲ ಮಾಡೋ ಹಾಳೆ ಇದು.

ಈ ಜಾತಿಯ ಹಾಳೆಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಜರ್ಮನಿಯ ಶ್ಲೂಟರ್ ಕಂಪನಿಯ ಡಿಟ್ರಾ, 1987ರಲ್ಲಿ ಬಂದಿದ್ದು. ಈಗ ಬೇರೆ ಬೇರೆ ಕಂಪನಿಗಳದ್ದೂ ಇವೆ. ಪ್ಲಾಸ್ಟಿಕ್ ಹಾಳೆ, ದಪ್ಪ ಮೂರು ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಚಾಪೆ ಥರ ಸುರುಳಿಯಲ್ಲಿ ಬರುತ್ತೆ. ಮೇಲ್ಭಾಗ ನೋಡಿದರೆ ಪಡ್ಡಿನ ಕಾವಲಿ ನೆನಪಾಗುತ್ತೆ. ಸಾಲು ಸಾಲು ಚೌಕ ಗುಳಿಗಳು. ಪ್ರತಿ ಗುಳಿಯೂ ನೀರಿನ ಕೊಡದ ಥರ, ಬಾಯಿ ಕಿರಿದು, ಹೊಟ್ಟೆ ಅಗಲ. ಕೆಳಭಾಗಕ್ಕೆ ಉಣ್ಣೆಯಂಥ ಒಂದು ಬಟ್ಟೆ ಅಂಟಿಸಿರ್ತಾರೆ.

ಕೆಲಸ ಹೀಗೆ. ಕೆಳಗಿನ ಬಟ್ಟೆ ಸ್ಲ್ಯಾಬ್ ಮೇಲೆ ಬಳಿದ ಅಂಟನ್ನು ಹಿಡ್ಕೊಳ್ಳುತ್ತೆ. ಮೇಲಿನ ಗುಳಿಗಳಿಗೆ ಅಂಟು ತುಂಬಿ ಟೈಲ್ಸ್ ಕೂರಿಸ್ತಾರೆ. ಗುಳಿಯೊಳಗೆ ಗಟ್ಟಿಯಾದ ಅಂಟು ಸಣ್ಣ ಸಣ್ಣ ಕಂಬ ಆಗುತ್ತೆ. ಬಾಯಿ ಕಿರಿದಾಗಿರೋದರಿಂದ ಕಂಬ ಮೇಲೆ ಕಿತ್ತು ಬರಲ್ಲ. ನಮ್ಮ ಭಾರ, ಮಂಚದ ಭಾರ, ಬೀರುವಿನ ಭಾರ ಈ ಕಂಬಗಳ ಮೂಲಕ ನೇರ ಸ್ಲ್ಯಾಬ್‌ಗೆ ಇಳಿಯುತ್ತೆ. ಆದರೆ ಸ್ಲ್ಯಾಬ್ ಪಕ್ಕಕ್ಕೆ ಅರ್ಧ ಮಿಲಿಮೀಟರ್ ಎಳೆದರೆ ಗುಳಿಗಳ ತೆಳು ಪ್ಲಾಸ್ಟಿಕ್ ಗೋಡೆ ಸ್ವಲ್ಪ ಬಾಗುತ್ತೆ. ಟೈಲ್ ತನ್ನ ಪಾಡಿಗೆ ಇರುತ್ತೆ. ಮೇಲಿಂದ ಕೆಳಕ್ಕೆ ಗಟ್ಟಿ, ಅಕ್ಕಪಕ್ಕಕ್ಕೆ ಸಡಿಲ. ಅಜ್ಜನ ಕಾಲದ ಮರಳಿನ ಹಾಸು ಮಾಡ್ತಿದ್ದ ಕೆಲಸವನ್ನೇ ಇದು ಮೂರು ಮಿಲಿಮೀಟರ್‌ನಲ್ಲಿ ಮಾಡುತ್ತೆ.

ಇನ್ನೊಂದು ಉಪಯೋಗ ನಮ್ಮ ಮಳೆಯೂರಿಗೆ ಹೊಂದುತ್ತೆ. ಗುಳಿಗಳ ನಡುವೆ, ಹಾಳೆಯ ಕೆಳಗೆ ಖಾಲಿ ಜಾಗ ಇರುತ್ತೆ. ಸ್ಲ್ಯಾಬ್‌ನಿಂದ ಏಳುವ ತೇವದ ಆವಿ ಒಂದೇ ಕಡೆ ಒತ್ತದೆ ಅಲ್ಲಿ ಹರಡಿಕೊಳ್ಳುತ್ತೆ.

ಅಮೆರಿಕದಲ್ಲಿರೋ ಕೇಳುಗರಿಗೆ ಈ ಹಾಳೆ ಹೊಸದಲ್ಲ. ಅಲ್ಲಿನ ಎಷ್ಟೋ ಮನೆಗಳ ನೆಲ ಮರದ ತೊಲೆ, ಅದರ ಮೇಲೆ ಪ್ಲೈವುಡ್. ಮರ ತೇವಕ್ಕೆ ಹಿಗ್ಗಿ, ಒಣಗಿದಾಗ ಕುಗ್ಗುತ್ತೆ. ಅದರ ಮೇಲೆ ನೇರ ಟೈಲ್ಸ್ ಹಾಕಿದರೆ ಕಥೆ ಮುಗೀತು. ಅದಕ್ಕೇ ಅಲ್ಲಿ ಇದರ ಬಳಕೆ ಜಾಸ್ತಿ. ನಮ್ಮಲ್ಲಿ ಕಾಂಕ್ರೀಟ್ ಇದೆಯಲ್ಲ ಅಂತ ಯಾರೂ ತಲೆಕೆಡಿಸಿಕೊಂಡಿಲ್ಲ.

ಇದು ಮಾಡದ ಕೆಲಸಗಳು

ಈಗ ಸ್ವಲ್ಪ ಗಮನ ಕೊಟ್ಟು ಕೇಳಿ. ಈ ಸಂಚಿಕೆ ಮಾಡಿದ್ದೇ ಇದಕ್ಕಾಗಿ.

ಈ ಹಾಳೆ ಅಕ್ಕಪಕ್ಕದ ಸಣ್ಣ ಚಲನೆಗೆ ಮಾತ್ರ. ಮೇಲೆ ಕೆಳಗಿನ ಚಲನೆಗೆ ಅಲ್ಲ. ಸ್ಲ್ಯಾಬ್ ತೆಳುವಾಗಿ ಬಾಗ್ತಿದ್ದರೆ ಹಾಳೆ ಅದನ್ನು ನೆಟ್ಟಗೆ ಮಾಡಲ್ಲ. ಕೆಳಗಿನ ಮಣ್ಣು ಕುಸೀತಿದ್ದರೆ ತಡೆಯಲ್ಲ.

ನಮ್ಮ ಕೊಡಗಿನಲ್ಲಿ ಮನೆ ಜಾಗ ಹೇಗೆ ಮಾಡ್ತೀವಿ? ಜೆಸಿಬಿ ತಂದು ಗುಡ್ಡದ ಒಂದು ಪಕ್ಕ ಕಡೀತೀವಿ. ಆ ಮಣ್ಣನ್ನೇ ಮುಂದಕ್ಕೆ ತಳ್ಳಿ ಸಮ ಮಾಡ್ತೀವಿ. ಅರ್ಧ ಮನೆ ಗಟ್ಟಿ ನೆಲದ ಮೇಲೆ, ಅರ್ಧ ಮನೆ ತುಂಬಿದ ಮಣ್ಣಿನ ಮೇಲೆ. ಎರಡು ಮಳೆಗಾಲ ಕಳೆದ ಮೇಲೆ ತುಂಬಿದ ಕಡೆ ಇಳಿಯುತ್ತೆ. ಆಗ ಕೆಳಮಹಡಿಯ ಟೈಲ್ಸ್ ಮೇಲೆ ಒಂದು ಗೆರೆ ಕಾಣುತ್ತೆ. ಅದಕ್ಕೆ ಯಾವ ದೇಶದ ಹಾಳೆ ಹಾಕಿದರೂ ಪ್ರಯೋಜನ ಇಲ್ಲ. ಗುಡ್ಡದ ಇಳಿಜಾರು ಕಡಿದಿದ್ದು 2018ರ ಕುಸಿತಗಳಿಗೆ ಒಂದು ಕಾರಣ ಅಂತ ತಜ್ಞರು ಆಗಲೇ ಹೇಳಿದ್ದರು. ಅಂಥ ಜಾಗದ ಬಿರುಕನ್ನು ಚೆಂದದ ಟೈಲ್ಸ್ ಹಾಕಿ ಮುಚ್ಚೋದು ಅಂದರೆ ಸೈರನ್ ಹೊಡೀತಿರುವಾಗ ಕಿವಿಗೆ ಹತ್ತಿ ಇಟ್ಟ ಹಾಗೆ.

ಹಾಗಾದರೆ ವ್ಯತ್ಯಾಸ ಹೇಗೆ ಗೊತ್ತಾಗುತ್ತೆ? ಇಂಜಿನಿಯರ್ ಬರೋ ಮುಂಚೆ ನೀವೇ ನೋಡಬಹುದಾದ ಕೆಲವು ವಿಷಯ ಹೇಳ್ತೀನಿ.

ಒಂದು, ಬಿರುಕಿನ ಮೇಲೆ ಬೆರಳಾಡಿಸಿ. ಎರಡೂ ಕಡೆ ಒಂದೇ ಮಟ್ಟ ಇದ್ದರೆ ಅದು ಬಹುಮಟ್ಟಿಗೆ ಕುಗ್ಗಿದ ಬಿರುಕು. ಒಂದು ಕಡೆ ಮೆಟ್ಟಿಲಿನ ಹಾಗೆ ಇಳಿದಿದ್ದರೆ ಅದು ಬೇರೆ ರೋಗ.

ಎರಡು, ಗೆರೆ ಎಲ್ಲಿಗೆ ಹೋಗುತ್ತೆ ನೋಡಿ. ಟೈಲ್ಸ್‌ನಲ್ಲೇ ಶುರುವಾಗಿ ಅಲ್ಲೇ ಮುಗಿದರೆ ನೆಲದ ಸಮಸ್ಯೆ. ನೆಲದಿಂದ ಗೋಡೆಗೆ ಹತ್ತಿ, ಗೋಡೆಯಲ್ಲಿ ಓರೆಯಾಗಿ ಸಾಗಿ, ಹೊರಗೆ ಅಂಗಳದಲ್ಲೂ ಅದೇ ಸಾಲಿನಲ್ಲಿ ಬಿರುಕು ಕಂಡರೆ ಮನೆ ಅಥವಾ ಜಾಗವೇ ಕದಲ್ತಿರಬಹುದು.

ಮೂರು, ಬಿರುಕಿಗೆ ಅಡ್ಡವಾಗಿ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೀರಿ. ಸ್ಕೇಲ್ ಇಟ್ಟು ಮೊಬೈಲ್‌ನಲ್ಲಿ ಫೋಟೋ ತೆಗೀರಿ. ತಿಂಗಳಿಗೊಮ್ಮೆ ಮತ್ತೆ ತೆಗೀರಿ. ಅಗಲ ಆಗ್ತಾ ಇದ್ದರೆ ಇಂಜಿನಿಯರ್‌ಗೆ ತೋರಿಸೋಕೆ ನಿಮ್ಮ ಹತ್ತಿರ ದಾಖಲೆ ಇರುತ್ತೆ.

ನಾಲ್ಕು, ಮಳೆಗಾಲದಲ್ಲಿ ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಹಿಡಿಯೋಕೆ ಶುರುವಾದರೆ, ಬರೆಯ ಮೇಲೆ ಹೊಸ ಬಿರುಕು ಬಿದ್ದರೆ, ಮರ ಅಥವಾ ಕರೆಂಟ್ ಕಂಬ ವಾಲಿದರೆ, ಒರತೆ ನೀರು ಕೆಸರಾಗಿ ಬಂದರೆ ಟೈಲ್ಸ್ ವಿಷಯ ಬಿಟ್ಟುಬಿಡಿ. ಮನೆಯಿಂದ ಹೊರಗೆ ಬನ್ನಿ, ಪಂಚಾಯಿತಿಗೆ ತಿಳಿಸಿ, 1077ಕ್ಕೆ ಫೋನ್ ಮಾಡಿ. ಅಮ್ಮ ಅವತ್ತು ಕೂಗಿದ್ದು ತಪ್ಪು ಎಚ್ಚರಿಕೆ ಆಗಿರಬಹುದು. ಮುಂದಿನ ಸಲವೂ ನಾವು ಮೊದಲು ಓಡ್ತೀವಿ.

ಹಾಳೆ ಮಾಡದ ಇನ್ನೆರಡು ಕೆಲಸ ಬೇಗ ಹೇಳ್ತೀನಿ. ಅದನ್ನು ಸುಮ್ಮನೆ ಹಾಸಿದ ಮಾತ್ರಕ್ಕೆ ಬಾತ್‌ರೂಮ್ ವಾಟರ್‌ಪ್ರೂಫ್ ಆಗಲ್ಲ. ಹಾಳೆಗಳು ಸೇರುವ ಜಾಗಕ್ಕೆ, ಗೋಡೆಯ ಮೂಲೆಗೆ ಅದಕ್ಕೇ ಅಂತ ಬರುವ ಪಟ್ಟಿ ಅಂಟಿಸಬೇಕು. ಮತ್ತೆ, ಕಟ್ಟಡದಲ್ಲೇ ಬಿಟ್ಟ ಎಕ್ಸ್‌ಪಾನ್ಶನ್ ಜಾಯಿಂಟ್ ಇದ್ದರೆ ಅದರ ಮೇಲೆ ಹಾಳೆ ಎಳೆದು ಮುಚ್ಚೋ ಹಾಗಿಲ್ಲ. ಕೆಳಗಿನ ಸಂದು ಮೇಲೆ ಟೈಲ್ಸ್‌ವರೆಗೂ ಬರಲೇಬೇಕು.

ದುಡ್ಡಿನ ಮಾತು

ಹಾಳೆ ಅಗ್ಗ ಅಲ್ಲ. ನಮಗೆ ಬಂದ ಕೊಟೇಶನ್‌ನಲ್ಲಿ ಅದರ ದರ ಟೈಲ್ಸ್ ದರಕ್ಕಿಂತ ಕಡಿಮೆ ಏನೂ ಇರಲಿಲ್ಲ. ಜೊತೆಗೆ ಅಂಟಿನ ಖರ್ಚು ಎರಡು ಸಲ, ಹಾಳೆಯ ಕೆಳಗೊಮ್ಮೆ, ಮೇಲೊಮ್ಮೆ. ಸುಂಟಿಕೊಪ್ಪದಲ್ಲಿ ಅಂಗಡಿಗೆ ಹೋಗಿ ಕೇಳಿದ ತಕ್ಷಣ ಸಿಗೋ ಮಾಲೂ ಅಲ್ಲ, ಹೊರಗಿಂದ ತರಿಸಬೇಕು. ಹಾಗಾಗಿ ಮನೆಯ ಎಲ್ಲಾ ಕೋಣೆಗೂ ಹಾಕಿ ಅಂತ ನಾನು ಹೇಳಲ್ಲ. ಹಾಗೆ ಹೇಳೋರ ಬಿಲ್ ಬುಕ್ ಸ್ವಲ್ಪ ನೋಡಿ.

ನನ್ನ ಲೆಕ್ಕ ಇಷ್ಟು. ಮೊದಲು ಪುಕ್ಕಟೆ ಸಿಗೋದನ್ನು ತಗೊಳ್ಳಿ. ಗೋಡೆಯ ಸುತ್ತ ಕಾಲು ಇಂಚು, ಅಂದರೆ ಆರು ಮಿಲಿಮೀಟರ್ ಸಂದು ಬಿಡೋದು ಪುಕ್ಕಟೆ. ಸ್ಕರ್ಟಿಂಗ್ ಅದನ್ನು ಮುಚ್ಚುತ್ತೆ, ಕಣ್ಣಿಗೆ ಕಾಣೋದೂ ಇಲ್ಲ. ಆ ಸಂದಿಗೆ ಮಾತ್ರ ಸಿಮೆಂಟ್ ತುಂಬಬಾರದು. ತುಂಬಿದರೆ ಬಿಟ್ಟೂ ಬಿಡದ ಹಾಗೆ. ಟೈಲ್‌ಗೂ ಟೈಲ್‌ಗೂ ನಡುವೆ ಎರಡು ಮೂರು ಮಿಲಿಮೀಟರ್ ಸ್ಪೇಸರ್ ಇಡೋದಕ್ಕೆ ಚಿಲ್ಲರೆ ಕಾಸು. ಸ್ಲ್ಯಾಬ್ ಒಣಗೋಕೆ ಇನ್ನೂ ಸ್ವಲ್ಪ ತಿಂಗಳು ಬಿಡೋದು ಪುಕ್ಕಟೆ, ತಾಳ್ಮೆ ಇದ್ದರೆ.

ಆಮೇಲೆ ಕಡಿಮೆ ಖರ್ಚಿನದು. ಮನೆಯೊಳಗೆ 20ರಿಂದ 25 ಅಡಿಗೊಂದು, ಬಿಸಿಲು ಬೀಳುವ ಜಗಲಿ, ತಾರಸಿಯಲ್ಲಿ 8ರಿಂದ 12 ಅಡಿಗೊಂದು ಮೆತ್ತನೆಯ ಸಂದು. ಗ್ರೌಟ್ ಬದಲು ರಬ್ಬರಿನ ಥರ ಇರೋ ಸೀಲೆಂಟ್ ತುಂಬೋದು. ಅಮೆರಿಕದ ಟೈಲ್ಸ್ ಉದ್ಯಮದ ಕೈಪಿಡಿ ಹೇಳೋ ಅಂತರ ಇದು. ಮತ್ತೆ ಒಳ್ಳೆ ಅಂಟು. ಚೀಲದ ಮೇಲೆ ಐಎಸ್ 15477 ಅಂತ ಇರುತ್ತೆ, ಅದು ಟೈಲ್ಸ್ ಅಂಟಿಗೆ ನಮ್ಮ ದೇಶದ ಮಾನದಂಡ. ಅದರಲ್ಲಿ ಟೈಪ್ 1ರಿಂದ 5ರವರೆಗೆ ಇದೆ. ವಿಟ್ರಿಫೈಡ್ ಟೈಲ್ ನೀರನ್ನೇ ಕುಡಿಯಲ್ಲ, ಬರೀ ಸಿಮೆಂಟ್ ನೀರು ಅದಕ್ಕೆ ಸರಿಯಾಗಿ ಕಚ್ಚಲ್ಲ. ಟೈಪ್ 2 ಅಥವಾ ಅದಕ್ಕಿಂತ ಮೇಲಿನದು ಕೇಳಿ.

ಇದಾದ ಮೇಲೆ ಹಾಳೆ. ಎಲ್ಲಿ ಹಾಕಬೇಕು? ಸ್ಲ್ಯಾಬ್‌ನಲ್ಲಿ ಈಗಾಗಲೇ ಕೂದಲೆಳೆ ಬಿರುಕುಗಳಿದ್ದು, ಎರಡೂ ಕಡೆ ಮಟ್ಟ ಸರಿ ಇದ್ದರೆ. ಹೊಸ ಸ್ಲ್ಯಾಬ್‌ಗೆ ಕಾಯೋಕೆ ಆಗದಿದ್ದರೆ. ಬಿಸಿಲು, ಚಳಿ ಎರಡೂ ಹೊಡೆಯುವ ದೊಡ್ಡ ಜಾಗ ಆದರೆ. ದುಬಾರಿ ಮಾರ್ಬಲ್ ಅಥವಾ ಸುಣ್ಣಕಲ್ಲು ಹಾಕೋದಿದ್ದರೆ. ಕಲ್ಲಿನಲ್ಲಿ ಮೊದಲೇ ನೈಸರ್ಗಿಕ ಗೆರೆಗಳಿರುತ್ತವೆ, ಕೆಳಗಿನ ಬಿರುಕು ಅದನ್ನು ಹುಡುಕಿಕೊಂಡೇ ಬರುತ್ತೆ. ಕಲ್ಲು ಒಡೆದರೆ ಅದೇ ಗಣಿಯ ಅದೇ ಬಣ್ಣ ಮತ್ತೆ ಸಿಗೋದೂ ಕಷ್ಟ. ಇನ್ಶೂರೆನ್ಸ್ ಪ್ರೀಮಿಯಂ ಥರ ಯೋಚನೆ ಮಾಡಿ. ನೆಲ ಒಡೆದರೆ ಹೋಗೋದು ಟೈಲ್ಸ್ ದುಡ್ಡು ಒಂದೇ ಅಲ್ಲ. ಒಡೆಯೋ ಕೂಲಿ, ಮಣ್ಣು ಸಾಗಿಸೋ ಖರ್ಚು, ಮತ್ತೆ ಹಾಕೋ ಕೂಲಿ, ರೂಮ್ ಖಾಲಿ ಬಿದ್ದ ದಿನಗಳ ಬಾಡಿಗೆ. ಅದರ ಮೊತ್ತ ಹಾಕಿ, ಹಾಳೆಯ ಬೆಲೆ ಪಕ್ಕದಲ್ಲಿಟ್ಟು ನೋಡಿ.

ನಮ್ಮ ಹಾಲ್‌ನಲ್ಲಿ ಏನು ಮಾಡಿದೆವು

ಕೊನೆಗೆ ನಾವು ಹಾಲ್‌ಗೆ ಮಾತ್ರ ಹಾಳೆ ಹಾಕಿಸಿದೆವು. ಟೈಲ್ಸ್ ಕಿತ್ತ ಮೇಲೆ ಸ್ಲ್ಯಾಬ್‌ನಲ್ಲಿ ಎರಡು ಸಣ್ಣ ಬಿರುಕು ಕಂಡಿದ್ದವು, ಇಂಜಿನಿಯರ್ ಒಬ್ಬರಿಗೆ ತೋರಿಸಿ ಅದು ಕುಗ್ಗಿದ ಬಿರುಕೇ ಅಂತ ಖಾತ್ರಿ ಮಾಡಿಕೊಂಡೆವು. ಎರಡು ರೂಮ್‌ಗಳಲ್ಲಿ ಟೈಲ್ಸ್ ಎದ್ದಿರಲಿಲ್ಲ. ಅಲ್ಲಿ ಸ್ಕರ್ಟಿಂಗ್ ಬಿಚ್ಚಿಸಿ, ಗೋಡೆಯ ಅಂಚಿಗೆ ಮಷಿನ್‌ನಲ್ಲಿ ಸಂದು ಕೊಯ್ಸಿ ಬಿಟ್ಟೆವು.

ಈ ಸಲ ಬಂದ ಮೇಸ್ತ್ರಿಗೆ ವಯಸ್ಸಾಗಿತ್ತು. ಹಾಳೆ ಬಿಚ್ಚಿ ನೋಡಿ ನಕ್ಕರು. “ಪ್ಲಾಸ್ಟಿಕ್ ಮೇಲೆ ಟೈಲ್ಸ್ ನಿಲ್ಲುತ್ತಾ?” ನಾನು ಮೊಬೈಲ್‌ನಲ್ಲಿ ವಿಡಿಯೋ ತೋರಿಸೋಕೆ ಹೋದೆ. ಅವರು ನೋಡಲಿಲ್ಲ. ಒಂದು ತುಂಡು ಕತ್ತರಿಸಿ, ಹಲ್ಲಿನ ಕರಣೆಯಲ್ಲಿ ಅಂಟು ಎಳೆದು, ಹಾಳೆ ಒತ್ತಿ, ಒಂದು ಮೂಲೆ ಎತ್ತಿ ಕೆಳಗೆ ನೋಡಿದರು. ಬಟ್ಟೆಯ ತುಂಬ ಅಂಟು ಹತ್ತಿತ್ತಾ ಅಂತ. ಆಮೇಲೆ ಗುಳಿ ತುಂಬಿ, ಟೈಲ್ ಇಟ್ಟು, ಅದನ್ನೂ ಕಿತ್ತು ನೋಡಿದರು. ಬೆನ್ನಿಗೆ ಪೂರ್ತಿ ಅಂಟು ಹಿಡಿದಿತ್ತು. ಅಲ್ಲಿಂದ ಮುಂದೆ ನಾನು ಬಾಯಿ ಬಿಡಬೇಕಾಗಿ ಬರಲಿಲ್ಲ. ಒಳಗಿನ ಒಣ ಜಾಗದಲ್ಲಿ ಟೈಲ್‌ನ ಬೆನ್ನು ಕನಿಷ್ಠ 80 ಶೇಕಡ, ನೀರು ಬೀಳೋ ಜಾಗ ಮತ್ತು ಕಲ್ಲಿಗೆ 95 ಶೇಕಡ ಅಂಟು ಹಿಡಿದಿರಬೇಕು ಅಂತ ಕೈಪಿಡಿಯಲ್ಲಿದೆ. ಅವರು ಕೈಪಿಡಿ ಓದಿಲ್ಲ, ಕಿತ್ತು ನೋಡೋದು ಮಾತ್ರ ಗೊತ್ತಿತ್ತು. ನಿಮ್ಮ ಮನೆಯಲ್ಲೂ ಮೊದಲ ಟೈಲ್ ಹಾಕಿದ ತಕ್ಷಣ ಒಂದನ್ನು ಕಿತ್ತು ತೋರಿಸಿ ಅಂತ ಕೇಳಿ. ಕೇಳೋದು ಅವಮಾನ ಅಲ್ಲ.

ಅಂಟಿನ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಳಗೆ ಪ್ಲಾಸ್ಟಿಕ್, ಮೇಲೆ ನೀರು ಕುಡಿಯದ ವಿಟ್ರಿಫೈಡ್. ನಡುವೆ ಸಿಕ್ಕ ಅಂಟಿನ ನೀರಿಗೆ ಹೊರಗೆ ಹೋಗೋಕೆ ದಾರಿ ಕಡಿಮೆ. ಕೆಲವು ಅಂಟು ಇದರಲ್ಲಿ ಗಟ್ಟಿಯಾಗೋಕೆ ತುಂಬಾ ದಿನ ತಗೊಳ್ಳುತ್ತೆ. ಹಾಳೆ ಮಾಡಿದ ಕಂಪನಿ ಯಾವ ಅಂಟು ಹೇಳುತ್ತೋ ಅದನ್ನೇ ಬಳಸಿ.

ಅದಾದ ಮೇಲೆ ಎರಡು ಚಳಿಗಾಲ ಕಳೀತು. ಹಾಲ್ ಸುಮ್ಮನಿದೆ. ಸ್ಕರ್ಟಿಂಗ್ ಬಿಚ್ಚಿ ಸಂದು ಬಿಟ್ಟ ರೂಮ್‌ಗಳೂ ಸುಮ್ಮನಿವೆ. ಎರಡು ವರ್ಷ ಅನ್ನೋದು ನೆಲದ ಆಯಸ್ಸಿನಲ್ಲಿ ಏನೂ ಅಲ್ಲ, ಹಾಗಾಗಿ ಗೆದ್ದೆ ಅಂತ ಹೇಳಲ್ಲ. ತಿಂಗಳಿಗೊಮ್ಮೆ ಒಂದು ರೂಪಾಯಿ ನಾಣ್ಯದಿಂದ ಟೈಲ್ಸ್ ತಟ್ಟುತ್ತಾ ಹೋಗ್ತೀನಿ. ‘ಟಕ್’ ಅಂದರೆ ಗಟ್ಟಿ, ‘ಡಬ್’ ಅಂದರೆ ಪೊಳ್ಳು. ಮನೆಯವರಿಗೆ ಇದು ತಮಾಷೆ. ನೀವೂ ಇವತ್ತು ರಾತ್ರಿ ಒಂದು ಸಲ ತಟ್ಟಿ ನೋಡಿ. ಪೊಳ್ಳು ಸಿಕ್ಕರೆ ಗಾಬರಿ ಬೇಡ, ಗೋಡೆಯ ಅಂಚಿಗೆ ಸಂದು ಇದೆಯಾ ಅಂತ ಮೊದಲು ನೋಡಿ.

ಅಮ್ಮನಿಗೆ ನಾನು ಪೈಥಾಗೊರಸ್ ಲೆಕ್ಕ ವಿವರಿಸಿದೆ. ಒಂದು ಮಿಲಿಮೀಟರ್ ಜಾಗ ಇಲ್ಲದೆ ಹೋದದ್ದಕ್ಕೆ ಇಷ್ಟೆಲ್ಲ ಆಯ್ತು ಅಂದೆ. ಅಮ್ಮ ಹೇಳಿದ್ದು, “ಕೂಡು ಕುಟುಂಬದಲ್ಲಿ ಇದ್ದವಳಿಗೆ ಇದನ್ನು ಲೆಕ್ಕ ಮಾಡಿ ಹೇಳಬೇಕಾ?”

ಸದ್ಯಕ್ಕೆ ಇಷ್ಟೇ. ನಿಮ್ಮ ಮನೆ ನೆಲದ ಕಥೆ ಇದ್ದರೆ ವಾಯ್ಸ್ ಮೆಸೇಜ್ ಕಳಿಸಿ, ಬಿರುಕಿನ ಫೋಟೋ ಕಳಿಸೋದಾದರೆ ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೀರಿ. ಮುಂದಿನ ವಾರ ಸಿಗೋಣ. ನಮಸ್ಕಾರ.